ಒಣದ್ರಾಕ್ಷಿ ಶೆಡ್ಡಿನಿಂದ ಸಮ್ಮರ್ ಸ್ಕೂಲಿಗೆ: ವಿಜಯಪುರ ಭಾಗದ ಎಂಬಿಎ, ಎಂಕಾಂ ವಿದ್ಯಾರ್ಥಿಗಳಿಗೆ ಮಾರ್ಗದರ್ಶಿ

ಯುರೋಪಿನ ವಿಶ್ವವಿದ್ಯಾಲಯಗಳಿಗೆ ಜೂನ್ ಕೊನೆಯಿಂದ ಆಗಸ್ಟ್‌ವರೆಗೆ ಬೇಸಿಗೆ ರಜೆ. ಹಾಸ್ಟೆಲ್ ಖಾಲಿ, ಕ್ಲಾಸ್‌ರೂಮ್ ಖಾಲಿ. ಆ ಹೊತ್ತಿನಲ್ಲಿ ಹೊರದೇಶದ ವಿದ್ಯಾರ್ಥಿಗಳನ್ನು ಕರೆದು ಎರಡರಿಂದ ಆರು ವಾರದ ಬಿಸಿನೆಸ್ ಕೋರ್ಸು ನಡೆಸುವುದು ಅಲ್ಲಿ ಹಳೆಯ ರೂಢಿ. ಸಮ್ಮರ್ ಸ್ಕೂಲ್ ಎನ್ನುವುದು ಇದಕ್ಕೇ. ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್ 1989ರಿಂದ ಮೂರು ಮೂರು ವಾರದ ಸೆಷನ್‌ಗಳಲ್ಲಿ ಇದನ್ನು ನಡೆಸುತ್ತಿದೆ. ಪ್ಯಾರಿಸ್ ಪಕ್ಕದ ಎಚ್‌ಇಸಿ ಬಿಸಿನೆಸ್ ಸ್ಕೂಲಿನಲ್ಲಿ ಎರಡು ವಾರದ ಕೋರ್ಸುಗಳಿವೆ, ಕೋಪನ್‌ಹೇಗನ್ ಬಿಸಿನೆಸ್ ಸ್ಕೂಲಿನಲ್ಲಿ ಆರು ವಾರದವು. ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆಯ ಹುಡುಗ ಹುಡುಗಿಯರು ಈಗ ಇವುಗಳ ಬಗ್ಗೆ ವಿಚಾರಿಸುತ್ತಿದ್ದಾರೆ. ಮಾರ್ಗದರ್ಶನ ಕೊಡುವ ಕನ್ಸಲ್ಟೆನ್ಸಿಗಳಿಗೇನೂ ಕೊರತೆಯಿಲ್ಲ. ಆದರೆ ರೈತರ ಮನೆಯ ಮಕ್ಕಳಿಗೆ ಎಲ್ಲಿ ತೊಡಕಾಗುತ್ತದೆ ಎಂಬುದು ಅವರ ಪಟ್ಟಿಯಲ್ಲಿ ಇರುವುದಿಲ್ಲ. ಈ ಬರಹ ಹೆಚ್ಚಾಗಿ ಆ ತೊಡಕುಗಳ ಕುರಿತು.

ಮೊದಲು ಕ್ಯಾಲೆಂಡರ್ ನೋಡಿ

ಅವರ ಬೇಸಿಗೆ ನಮಗೆ ಮುಂಗಾರು. ನಮ್ಮ ರಜೆ ಮುಗಿದು, ಸಮ ಸೆಮಿಸ್ಟರಿನ ಪಾಠವೋ ಪರೀಕ್ಷೆಯೋ ನಡೆಯುವ ಹೊತ್ತಿಗೇ ಅಲ್ಲಿ ಕ್ಲಾಸು ಶುರುವಾಗುತ್ತದೆ. ನಮ್ಮ ಪರೀಕ್ಷಾ ವೇಳಾಪಟ್ಟಿ ಹೇಗೆ ಜಾರುತ್ತದೆ ಎಂಬುದು ನಿಮಗೆ ಗೊತ್ತೇ ಇದೆ. ಆದ್ದರಿಂದ ಕೋರ್ಸು ಹುಡುಕುವ ಮೊದಲು ವಿಭಾಗದ ಮುಖ್ಯಸ್ಥರ ಹತ್ತಿರ ಹೋಗಿ, ಹಿಂದಿನ ವರ್ಷಗಳಲ್ಲಿ ಪರೀಕ್ಷೆ ಯಾವ ತಿಂಗಳಲ್ಲಿ ಬಿತ್ತು ಎಂದು ಕೇಳಿ. ಮೂರನೇ ಸೆಷನ್ ಇರುವ ಕೋರ್ಸು, ಅಂದರೆ ಜುಲೈ ಕೊನೆಗೋ ಆಗಸ್ಟ್ ಮೊದಲಿಗೋ ಶುರುವಾಗುವಂಥದ್ದು, ಕೆಲವರಿಗೆ ಸರಿಹೊಂದೀತು. ಕೊನೆಯ ಸೆಮಿಸ್ಟರ್ ಮುಗಿಸಿದವರಿಗೆ ಈ ತಾಪತ್ರಯವಿಲ್ಲ, ಆದರೆ ಅವರಿಗೆ ವೀಸಾದಲ್ಲಿ ಬೇರೆ ತಾಪತ್ರಯವಿದೆ. ಅದನ್ನು ಮುಂದೆ ಹೇಳುತ್ತೇನೆ.

ಉಳಿದ ಕೆಲಸಗಳನ್ನು ಹಬ್ಬಗಳ ಲೆಕ್ಕದಲ್ಲಿ ಇಟ್ಟುಕೊಂಡರೆ ಮರೆಯುವುದಿಲ್ಲ. ದಸರಾ ಹೊತ್ತಿಗೆ ಪಾಸ್‌ಪೋರ್ಟ್ ಅರ್ಜಿ, ಸಂಕ್ರಾಂತಿಯೊಳಗೆ ಕೋರ್ಸಿನ ಅರ್ಜಿ, ಯುಗಾದಿ ಹೊತ್ತಿಗೆ ಶುಲ್ಕ ಕಟ್ಟಿ ವೀಸಾದ ಕಾಗದ ಜೋಡಿಸುವುದು. ಪ್ರವೇಶಪತ್ರ ಏಪ್ರಿಲ್‌ನಲ್ಲೂ ಸಿಗಬಹುದು, ಆದರೆ ಹಾಸ್ಟೆಲ್ ಕೋಣೆ ಅಲ್ಲಿಯವರೆಗೆ ಕಾಯುವುದಿಲ್ಲ.

ಯಾವ ಕೋರ್ಸು?

ಒಂದು ವಿಷಯ ಖಚಿತ ಮಾಡಿಕೊಳ್ಳಿ: ಕೋರ್ಸು ನಡೆಸುವುದು ವಿಶ್ವವಿದ್ಯಾಲಯವೋ, ಅದರ ಕಟ್ಟಡವನ್ನು ಬಾಡಿಗೆಗೆ ಹಿಡಿದ ಖಾಸಗಿ ಕಂಪನಿಯೋ? ಆಕ್ಸ್‌ಫರ್ಡ್, ಕೇಂಬ್ರಿಜ್‌ನಂಥ ಊರುಗಳಲ್ಲಿ ರಜೆಯಲ್ಲಿ ಕಾಲೇಜುಗಳು ಕೋಣೆ, ಊಟದ ಹಾಲ್ ಎಲ್ಲವನ್ನೂ ಬಾಡಿಗೆಗೆ ಕೊಡುತ್ತವೆ. ಫೋಟೊದಲ್ಲಿ ಹಳೆಯ ಕಲ್ಲಿನ ಗೋಪುರ ಕಾಣುತ್ತದೆ, ಸರ್ಟಿಫಿಕೇಟಿನ ಮೇಲೆ ಕಂಪನಿಯ ಹೆಸರಿರುತ್ತದೆ. ಇದು ಮೋಸವೇನಲ್ಲ, ಆದರೆ ನೀವು ಕೊಡುವ ದುಡ್ಡು ಯಾವುದಕ್ಕೆ ಎಂಬುದು ತಿಳಿದಿರಬೇಕು. ಸರ್ಟಿಫಿಕೇಟ್ ಯಾರ ಹೆಸರಿನಲ್ಲಿ ಬರುತ್ತದೆ, ಅಂಕಪಟ್ಟಿ ಕೊಡುತ್ತಾರೋ ಇಲ್ಲವೋ ಎಂದು ಇಮೇಲ್ ಬರೆದು ಕೇಳಿ. ಉತ್ತರ ಸುತ್ತಿಬಳಸಿ ಬಂದರೆ ಕೈಬಿಡಿ. ಬಿಸಿನೆಸ್ ಸ್ಕೂಲಿಗೆ ಎಎಸಿಎಸ್‌ಬಿ, ಇಕ್ವಿಸ್, ಆಂಬಾ ಈ ಮೂರರಲ್ಲಿ ಒಂದಾದರೂ ಮಾನ್ಯತೆ ಇದೆಯೇ ನೋಡುವುದು ಇನ್ನೊಂದು ಒರೆಗಲ್ಲು.

ಎರಡನೆಯದು, ಕೋರ್ಸಿನ ಮಟ್ಟ. ಸಮ್ಮರ್ ಸ್ಕೂಲ್‌ಗಳ ಬಹುಪಾಲು ಕೋರ್ಸುಗಳು ಪದವಿ ಮಟ್ಟದವು. ಎಂಕಾಂ ಓದುವವರಿಗೆ ಅಲ್ಲಿ ಪ್ರವೇಶ ಸಿಗುತ್ತದೆ, ಆದರೆ ಬಿಕಾಂನಲ್ಲಿ ಓದಿದ್ದನ್ನೇ ಪೌಂಡ್ ಕೊಟ್ಟು ಮತ್ತೆ ಕೇಳಿದಂತಾಗುತ್ತದೆ. ಪಿಜಿ ಮಟ್ಟದ್ದೆಂದು ಸ್ಪಷ್ಟವಾಗಿ ಬರೆದಿರುವುದನ್ನೇ ಆರಿಸಿ, ಪಠ್ಯಕ್ರಮ ಇಳಿಸಿಕೊಂಡು ಮೊದಲ ವಾರದ ಪಾಠಗಳನ್ನು ಓದಿ. ಎಲ್ಲವೂ ಗೊತ್ತಿರುವುದೇ ಎನಿಸಿದರೆ ಅದು ನಿಮಗಲ್ಲ.

ಕ್ರೆಡಿಟ್ ವಿಷಯಕ್ಕೆ ಬಂದರೆ, ಕೋಪನ್‌ಹೇಗನ್ನಿನ ಒಂದು ಕೋರ್ಸಿಗೆ 7.5 ಇಸಿಟಿಎಸ್. ಇಸಿಟಿಎಸ್ ಎಂಬುದು ಯುರೋಪಿನ ಅಳತೆ, ಒಂದಕ್ಕೆ 25ರಿಂದ 30 ಗಂಟೆಯ ಓದು. ಇದು ನಿಮ್ಮ ಅಂಕಪಟ್ಟಿಯಲ್ಲಿ ತಾನಾಗಿ ಬಂದು ಕೂರುವುದಿಲ್ಲ. ರಾಣಿ ಚನ್ನಮ್ಮ ವಿಶ್ವವಿದ್ಯಾಲಯವಾಗಲಿ, ವಿಟಿಯು ಆಗಲಿ, ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯವಾಗಲಿ, ಹೋಗುವ ಮೊದಲೇ ಲಿಖಿತ ಒಪ್ಪಿಗೆ ಕೇಳಿ. ಸಿಗದಿದ್ದರೆ ಕ್ರೆಡಿಟ್ ಮರೆತು, ಕಲಿಕೆಗೆ ಮಾತ್ರ ಹೋಗುತ್ತಿದ್ದೇನೆ ಎಂದುಕೊಂಡು ನಿರ್ಧರಿಸಿ.

ಅಮೆರಿಕ ಏಕೆ ಬೇಡ ಎಂದು ಕೇಳುವವರಿದ್ದಾರೆ. ಪ್ರವಾಸಿ ವೀಸಾದಲ್ಲಿ ಅಲ್ಲಿ ಕ್ರೆಡಿಟ್ ಕೋರ್ಸ್ ಓದುವಂತಿಲ್ಲ. ಅದಕ್ಕೆ ಎಫ್-1 ಎಂಬ ವಿದ್ಯಾರ್ಥಿ ವೀಸಾ, ಕಾಲೇಜು ಕೊಡುವ ಐ-20 ಎಂಬ ಪ್ರವೇಶ ದಾಖಲೆ, 350 ಡಾಲರ್ ಸೆವಿಸ್ (ವಿದೇಶಿ ವಿದ್ಯಾರ್ಥಿಗಳ ನೋಂದಣಿ) ಶುಲ್ಕ, ಸಂದರ್ಶನ ಎಲ್ಲವೂ ಬೇಕು. ನಾಲ್ಕು ವಾರಕ್ಕೆ ಇಷ್ಟು ಓಡಾಟ ನನ್ನ ಮಟ್ಟಿಗಂತೂ ಲಾಭದ್ದಲ್ಲ.

ಅರ್ಜಿಯ ಒಂದು ಪುಟ

ಅಂಕಪಟ್ಟಿ, ರೆಸ್ಯೂಮೆ, ಇಂಗ್ಲಿಷ್ ಬಲ್ಲಿರಿ ಎಂಬುದಕ್ಕೆ ಪುರಾವೆ, ಇವೆಲ್ಲ ಮಾಮೂಲು. ಕೆಲವು ಕಡೆ ಪದವಿಯನ್ನು ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ್ದೀರಿ ಎಂಬ ಕಾಲೇಜಿನ ಪತ್ರ ಸಾಕು, ಕೆಲವು ಕಡೆ ಐಇಎಲ್‌ಟಿಎಸ್ ಬೇಕೇ ಬೇಕು. ಪತ್ರ ನಡೆಯುತ್ತದೆಯೇ ಎಂದು ಕೇಳಿಯೇ ಪರೀಕ್ಷೆಗೆ ದುಡ್ಡು ಕಟ್ಟಿ. ಐಇಎಲ್‌ಟಿಎಸ್ ಅಂಕಕ್ಕೆ ಎರಡು ವರ್ಷದ ಆಯುಷ್ಯ.

ನಮ್ಮವರು ಎಡವುವುದು ಉದ್ದೇಶಪತ್ರದಲ್ಲಿ. "ಜಾಗತಿಕ ದೃಷ್ಟಿಕೋನ ಬೆಳೆಸಿಕೊಂಡು ನಾಯಕತ್ವ ಗುಣ ವೃದ್ಧಿಸಿಕೊಳ್ಳಲು" ಎಂದು ಶುರುವಾಗುವ ಪತ್ರ ಓದುವವರ ಮೇಜಿನ ಮೇಲೆ ರಾಶಿ ಬಿದ್ದಿರುತ್ತದೆ. ತಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರರ ಮನೆಯ ವಿದ್ಯಾರ್ಥಿ ಹೀಗೆ ಬರೆಯಬಹುದು: "ನಮ್ಮ ಮನೆಯವರು ಒಣದ್ರಾಕ್ಷಿ ಮಾಡುತ್ತಾರೆ. ಮಾರ್ಚ್‌ನಲ್ಲಿ ಮಾಲು ಸಿದ್ಧವಾದ ಕೂಡಲೇ ತಾಸಗಾಂವದ ಹರಾಜಿಗೆ ಒಯ್ಯಬೇಕೋ, ಕೋಲ್ಡ್ ಸ್ಟೋರೇಜಿನಲ್ಲಿ ಇಟ್ಟು ದೀಪಾವಳಿಗೆ ಮಾರಬೇಕೋ ಎಂಬ ಜಗಳ ಪ್ರತಿವರ್ಷ ಅಪ್ಪ ಮತ್ತು ಕಾಕಾ ನಡುವೆ ನಡೆಯುತ್ತದೆ. ಇಬ್ಬರೂ ನೆನಪಿನ ಮೇಲೆ ವಾದಿಸುತ್ತಾರೆ. ಅದನ್ನು ಲೆಕ್ಕದ ಮೇಲೆ ತೀರ್ಮಾನಿಸುವುದು ಹೇಗೆ ಎಂದು ಕಲಿಯಲು ನಿಮ್ಮ ಫೈನಾನ್ಸ್ ಕೋರ್ಸಿಗೆ ಬರುತ್ತಿದ್ದೇನೆ." ಇದರಲ್ಲಿ ದೊಡ್ಡ ಪದ ಒಂದೂ ಇಲ್ಲ. ಆದರೆ ಈ ಅಭ್ಯರ್ಥಿ ಗುಂಪಿನಲ್ಲಿದ್ದರೆ ಉಳಿದವರಿಗೂ ಏನೋ ಸಿಗುತ್ತದೆ ಎಂದು ಓದುವವರಿಗೆ ಅನಿಸುತ್ತದೆ. ಇಳಕಲ್ಲಿನವರಿಗೆ ಮಗ್ಗದ ಸೀರೆಗೂ ಪವರ್‌ಲೂಮ್ ಸೀರೆಗೂ ಇರುವ ಬೆಲೆಯ ಅಂತರ, ಬೆಳಗಾವಿಯ ಉದ್ಯಮಬಾಗಿನವರಿಗೆ ಫೌಂಡ್ರಿಯ ಆರ್ಡರು ಒಂದೇ ಗಿರಾಕಿಯ ಮೇಲೆ ನಿಂತಿರುವ ಭಯ, ಮುಧೋಳದವರಿಗೆ ಬೆಲ್ಲ ಮತ್ತು ಸಕ್ಕರೆ ಕಾರ್ಖಾನೆ ನಡುವಿನ ಆಯ್ಕೆ. ಪ್ರಶ್ನೆ ಮನೆಯಲ್ಲೇ ಇದೆ.

ದುಡ್ಡು, ಮತ್ತು ದುಡ್ಡಿನ ಕಾಗದ

ಲಂಡನ್ನಿನ ಮೂರು ವಾರದ ಒಂದು ಕೋರ್ಸಿಗೆ ಬೋಧನಾ ಶುಲ್ಕವೇ ಮೂರು ಸಾವಿರ ಪೌಂಡಿನ ಆಸುಪಾಸು. ವಿಮಾನ, ಹಾಸ್ಟೆಲ್, ಊಟ, ವೀಸಾ, ವಿಮೆ ಸೇರಿದರೆ ಹೆಚ್ಚುಕಡಿಮೆ ಅಷ್ಟೇ ಮತ್ತೊಮ್ಮೆ. ಬ್ಯಾಂಕುಗಳ ಶಿಕ್ಷಣ ಸಾಲ ಸಾಮಾನ್ಯವಾಗಿ ಪೂರ್ಣಾವಧಿ ಪದವಿಗಳಿಗೆ, ಸಮಾಜ ಕಲ್ಯಾಣ ಇಲಾಖೆಯ ಪ್ರಬುದ್ಧ ವಿದೇಶಿ ವಿದ್ಯಾರ್ಥಿವೇತನವೂ ಪದವಿಗೇ. ಆದ್ದರಿಂದ ಕೋರ್ಸು ನಡೆಸುವ ಸಂಸ್ಥೆಯನ್ನೇ ಶುಲ್ಕ ರಿಯಾಯಿತಿ ಕೇಳಬೇಕು. ಬೇಗ ಅರ್ಜಿ ಹಾಕಿದವರಿಗೆ ಕೆಲವೆಡೆ ಕಡಿತವಿರುತ್ತದೆ. ನಿಮ್ಮ ಕಾಲೇಜಿಗೂ ಅಲ್ಲಿನ ವಿಶ್ವವಿದ್ಯಾಲಯಕ್ಕೂ ಒಡಂಬಡಿಕೆ ಇದ್ದರೆ ಅದಕ್ಕೂ ಇರಬಹುದು. ಮನೆಯ ಹೊಲ ಅಡವಿಟ್ಟು ಹೋಗುವಷ್ಟು ಇದು ದೊಡ್ಡದಲ್ಲ. ಅಷ್ಟು ಕಷ್ಟವೆನಿಸಿದರೆ ಐಐಎಂ ಬೆಂಗಳೂರು ಕೇಂದ್ರ ಸರ್ಕಾರದ 'ಸ್ವಯಂ' ಆನ್‌ಲೈನ್ ವೇದಿಕೆಯಲ್ಲಿ ಕೊಡುವ ಕೋರ್ಸುಗಳನ್ನು ಮೊದಲು ಮುಗಿಸಿ. ಕಲಿಯಲು ದುಡ್ಡು ಬೇಕಿಲ್ಲ, ಪರೀಕ್ಷೆ ಬರೆದು ಸರ್ಟಿಫಿಕೇಟ್ ಪಡೆಯಲು ಮಾತ್ರ ಶುಲ್ಕ.

ಶುಲ್ಕ ಕಳಿಸುವುದು ಬ್ಯಾಂಕಿನ ಮೂಲಕ, ಸಂಸ್ಥೆಯ ಖಾತೆಗೇ. ಏಜೆಂಟರ ಖಾತೆಗೆ ಹಾಕಬೇಡಿ. ಪ್ಯಾನ್, ವಿದೇಶಕ್ಕೆ ಹಣ ಕಳಿಸಲು ತುಂಬುವ ಎ2 ಫಾರ್ಮ್, ಪ್ರವೇಶಪತ್ರ, ಇನ್‌ವಾಯ್ಸ್ ಒಯ್ಯಿರಿ. ಇಂಡಿ ಅಥವಾ ಜಮಖಂಡಿ ಪಟ್ಟಣದ ಸಣ್ಣ ಶಾಖೆಗೆ ಹೋದರೆ "ಫಾರಿನ್ನಿಗೆ ಕಳ್ಸೂದು ಇಲ್ಲಿ ಆಗಂಗಿಲ್ರಿ, ಮೇನ್ ಬ್ರ್ಯಾಂಚಿಗೆ ಹೋಗ್ರಿ" ಎನ್ನುವ ಸಂಭವವೇ ಹೆಚ್ಚು. ಕೊನೆಯ ದಿನಾಂಕಕ್ಕೆ ಎರಡು ವಾರ ಮೊದಲೇ ಈ ಕೆಲಸಕ್ಕೆ ಕೈ ಹಾಕಿ. ಫಾರ್ಮಿನಲ್ಲಿ ವಿದೇಶಿ ಬ್ಯಾಂಕಿನ ಖರ್ಚು ಯಾರದು ಎಂಬ ಕಾಲಂ ಇರುತ್ತದೆ. ಅದರಲ್ಲಿ ಕಳಿಸುವವರದು ಎಂಬುದಕ್ಕೆ ಟಿಕ್ ಹಾಕಿ, ಇಲ್ಲದಿದ್ದರೆ ದಾರಿಯಲ್ಲಿ ಹತ್ತು ಹದಿನೈದು ಪೌಂಡ್ ಸೋರಿ, ಶುಲ್ಕ ಪೂರ್ತಿ ಬಂದಿಲ್ಲ ಎಂಬ ಇಮೇಲ್ ಬರುತ್ತದೆ. ಒಂದು ಆರ್ಥಿಕ ವರ್ಷದಲ್ಲಿ 10 ಲಕ್ಷ ರೂಪಾಯಿವರೆಗೆ ಕಳಿಸಿದರೆ ಟಿಸಿಎಸ್ (ಹಣ ಕಳಿಸುವಾಗ ಬ್ಯಾಂಕು ಮೊದಲೇ ವಸೂಲಿ ಮಾಡುವ ತೆರಿಗೆ) ಇಲ್ಲ. ವೀಸಾ ತಿರಸ್ಕೃತವಾದರೆ ಶುಲ್ಕ ವಾಪಸ್ ಬರುತ್ತದೆಯೇ ಎಂಬುದನ್ನು ಕಟ್ಟುವ ಮೊದಲೇ ಓದಿಕೊಳ್ಳಿ.

ಇನ್ನು ಈ ಭಾಗದವರಿಗೆ ಗಂಟಲಿಗೆ ಸಿಕ್ಕಿಕೊಳ್ಳುವ ವಿಷಯ. ವೀಸಾ ಅಧಿಕಾರಿ ಕೇಳುವುದು ಖರ್ಚು ಕೊಡುವವರ ಆದಾಯದ ಪುರಾವೆ. ಪಟ್ಟಣದ ನೌಕರರ ಮನೆಯಲ್ಲಿ ಸಂಬಳದ ಚೀಟಿ, ಆದಾಯ ತೆರಿಗೆ ರಿಟರ್ನ್ ಇರುತ್ತವೆ. ಕೃಷಿ ಆದಾಯಕ್ಕೆ ತೆರಿಗೆಯಿಲ್ಲ, ಹಾಗಾಗಿ ನಮ್ಮ ಬಹಳ ಮನೆಗಳಲ್ಲಿ ರಿಟರ್ನೇ ಇರುವುದಿಲ್ಲ. ಆಗ ಏನು ಕೊಡಬೇಕು? ಪಹಣಿ, ಸಕ್ಕರೆ ಕಾರ್ಖಾನೆಯ ಕಬ್ಬಿನ ಬಿಲ್ಲು, ಎಪಿಎಂಸಿಯ ಅಥವಾ ಹರಾಜಿನ ದಲಾಲಿ ಪಟ್ಟಿ, ಆ ದುಡ್ಡು ಬ್ಯಾಂಕಿಗೆ ಬಂದದ್ದನ್ನು ತೋರಿಸುವ ಆರು ತಿಂಗಳ ಪಾಸ್‌ಬುಕ್ ವಿವರ. ಪಟ್ಟಿಯ ಮೊತ್ತವೂ ಪಾಸ್‌ಬುಕ್ಕಿನ ಜಮೆಯೂ ತಾರೀಖಿನ ಸಮೇತ ತಾಳೆಯಾಗಬೇಕು. ದಲಾಲರು ನಗದು ಕೊಟ್ಟು ಚೀಟಿ ಬರೆದುಕೊಡುವ ಪದ್ಧತಿ ಇದ್ದರೆ ಈ ವರ್ಷ ಖಾತೆಗೇ ಹಾಕಿಸಿಕೊಳ್ಳಲು ಅಪ್ಪನಿಗೆ ಹೇಳಿ. ಕನ್ನಡ, ಮರಾಠಿ ಕಾಗದಗಳಿಗೆ ಅನುವಾದಕರ ಸಹಿ, ದಿನಾಂಕ, ವಿಳಾಸವಿರುವ ಇಂಗ್ಲಿಷ್ ಅನುವಾದ ಜೋಡಿಸಿ. ಎಲ್ಲದರ ಮೇಲೆ ಒಂದು ಪುಟದ ಪತ್ರ: ಎಷ್ಟು ಎಕರೆ, ಏನು ಬೆಳೆ, ವರ್ಷದಲ್ಲಿ ಯಾವಾಗ ದುಡ್ಡು ಬರುತ್ತದೆ, ಭಾರತದಲ್ಲಿ ಇದಕ್ಕೆ ತೆರಿಗೆ ಏಕಿಲ್ಲ. ಲಂಡನ್ನಿನಲ್ಲೋ ದೆಹಲಿಯಲ್ಲೋ ಕೂತು ನೋಡುವವರಿಗೆ ಮಾರ್ಚ್‌ನಲ್ಲಿ ಒಮ್ಮೆಗೇ ನಾಲ್ಕು ಲಕ್ಷ ಜಮೆಯಾಗುವುದು ಅನುಮಾನ ಹುಟ್ಟಿಸುತ್ತದೆ. ಅದು ದ್ರಾಕ್ಷಿಯ ಹಂಗಾಮು ಎಂದು ನೀವೇ ಹೇಳಬೇಕು.

ಇದರ ಜೊತೆಗೆ ಒಂದು ಬಲೆಯಿದೆ. ಹಿಂದೆ ವಿದ್ಯಾರ್ಥಿವೇತನಕ್ಕೆಂದು ತಹಶೀಲ್ದಾರ ಕಚೇರಿಯಿಂದ ಪಡೆದ ಆದಾಯ ಪ್ರಮಾಣಪತ್ರದಲ್ಲಿ ವಾರ್ಷಿಕ ಆದಾಯ ಎಂಬತ್ತು ಸಾವಿರ ಎಂದೋ ಒಂದು ಲಕ್ಷ ಎಂದೋ ಇರುತ್ತದೆ. ಅದನ್ನೇ ಫೈಲಿಗೆ ಸೇರಿಸಿ, ಪಕ್ಕದಲ್ಲಿ "ತಂದೆ ಆರು ಲಕ್ಷ ಖರ್ಚು ಮಾಡುತ್ತಾರೆ" ಎಂದು ಬರೆದರೆ ಅರ್ಜಿ ಅಲ್ಲಿಗೇ ಮುಗಿಯಿತು. ವೀಸಾಕ್ಕೆ ಆ ಪ್ರಮಾಣಪತ್ರ ಕಡ್ಡಾಯವಲ್ಲ. ಆದರೆ ಅದನ್ನು ಹೊರಗಿಟ್ಟರೆ ಸಮಸ್ಯೆ ಬಗೆಹರಿಯಿತು ಎಂದೂ ಅಲ್ಲ. ಈ ವರ್ಷವೂ ಕಡಿಮೆ ಆದಾಯದ ಮೇಲೆ ಸವಲತ್ತು ಪಡೆಯುತ್ತಿದ್ದರೆ, ಎರಡು ಕಡೆ ಎರಡು ಲೆಕ್ಕ ಹೇಳುವ ಪರಿಸ್ಥಿತಿ ಬರುತ್ತದೆ. ಮನೆಯವರೊಡನೆ ಕೂತು ಮೊದಲು ನಿಜವಾದ ಆದಾಯ ಎಷ್ಟು ಎಂದು ಬರೆಯಿರಿ, ಆಮೇಲೆ ಫೈಲು ಕಟ್ಟಿ. ಸಂಬಂಧಿಕರಿಂದ ಒಂದು ವಾರದ ಮಟ್ಟಿಗೆ ಸಾಲ ತಂದು ಖಾತೆ ತುಂಬಿಸುವ ಉಪಾಯವನ್ನಂತೂ ಬಿಡಿ. ವೀಸಾ ಅಧಿಕಾರಿಗಳು ದಿನವೂ ನೋಡುವುದೇ ಅದನ್ನು.

ಹೆಸರು, ಊರು, ಪಾಸ್‌ಪೋರ್ಟ್

ಬೆಳಗಾವಿಯಲ್ಲಿ ಅಂಚೆ ಕಚೇರಿಯ ಪಾಸ್‌ಪೋರ್ಟ್ ಸೇವಾ ಕೇಂದ್ರವಿದೆ, ದೊಡ್ಡ ಕೇಂದ್ರ ಹುಬ್ಬಳ್ಳಿಯಲ್ಲಿ. 36 ಪುಟದ ಪಾಸ್‌ಪೋರ್ಟಿಗೆ ಸಾಮಾನ್ಯ ಶುಲ್ಕ 1,500 ರೂಪಾಯಿ, ತತ್ಕಾಲಕ್ಕೆ ಮೇಲೆ 2,000. ಅರ್ಜಿ ತುಂಬುವ ಮೊದಲು ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಮತ್ತು ಆಧಾರ್ ಪಕ್ಕಪಕ್ಕ ಇಟ್ಟು ನೋಡಿ. ಒಂದರಲ್ಲಿ ಅಡ್ಡಹೆಸರು ಮೊದಲು, ಇನ್ನೊಂದರಲ್ಲಿ ಕೊನೆಗೆ, ನಡುವೆ ಅಪ್ಪನ ಹೆಸರು ಒಮ್ಮೆ ಇದ್ದು ಒಮ್ಮೆ ಇಲ್ಲದೆ, ಇದು ನಮ್ಮ ಕಡೆ ಮನೆಮನೆಯ ಕಥೆ. ಪ್ರವೇಶದ ಅರ್ಜಿ, ವಿಮಾನ ಟಿಕೆಟ್, ವಿಮೆ ಎಲ್ಲದರಲ್ಲೂ ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಬರೆಯಿರಿ, ನೀವು ಫೇಸ್‌ಬುಕ್ಕಿನಲ್ಲಿ ಬರೆದುಕೊಳ್ಳುವಂತೆ ಅಲ್ಲ. ಹಳೆಯ ದಾಖಲೆಗಳಲ್ಲಿ ಬಿಜಾಪುರ, ಬೆಳಗಾಂ ಎಂದಿದ್ದರೆ ಗಾಬರಿ ಬೇಡ. 2014ರ ನವೆಂಬರ್ 1ರಂದು ಹೆಸರು ಬದಲಾಯಿತು ಎಂದು ವೀಸಾ ಫೈಲಿನ ಮೇಲಿಡುವ ಪತ್ರದಲ್ಲಿ ಒಂದು ಸಾಲು ಬರೆದರೆ ಸಾಕು.

ವೀಸಾ

ಫ್ರಾನ್ಸ್, ಡೆನ್ಮಾರ್ಕ್‌ನಂಥ ದೇಶಗಳಿಗೆ ಷೆಂಗೆನ್ (ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ) ಅಲ್ಪಾವಧಿ ವೀಸಾ. 180 ದಿನಗಳಲ್ಲಿ 90 ದಿನ ಇರಬಹುದು. ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು, ಹದಿನೈದು ದಿನ ಮೊದಲಿಗಿಂತ ತಡಮಾಡುವಂತಿಲ್ಲ. ಕನಿಷ್ಠ 30,000 ಯೂರೋ ರಕ್ಷಣೆಯ ಪ್ರಯಾಣ ವಿಮೆ ಕಡ್ಡಾಯ. ವಯಸ್ಕರಿಗೆ ಶುಲ್ಕ 90 ಯೂರೋ. ಆದರೆ ಓದಿಗಾಗಿ ಹೋಗುವ ವಿದ್ಯಾರ್ಥಿಗಳಿಗೆ, ಪಿಜಿಯವರೂ ಸೇರಿ, ಷೆಂಗೆನ್ ನಿಯಮಾವಳಿ ಈ ಶುಲ್ಕವನ್ನು ಮನ್ನಾ ಮಾಡಿದೆ. ಕೌಂಟರಿನಲ್ಲಿ ಯಾರೂ ತಾವಾಗಿ ಇದನ್ನು ಹೇಳಲಿಕ್ಕಿಲ್ಲ, ಪ್ರವೇಶಪತ್ರ ತೋರಿಸಿ ಕೇಳಿ. ಅರ್ಜಿ ಕೇಂದ್ರದ ಸೇವಾ ಶುಲ್ಕ ಮಾತ್ರ ಕೊಡಲೇಬೇಕು.

ಬ್ರಿಟನ್ನಿಗೆ ಸ್ಟ್ಯಾಂಡರ್ಡ್ ವಿಸಿಟರ್ ವೀಸಾ ಸಾಕು. ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಆರು ತಿಂಗಳವರೆಗಿನ ಕೋರ್ಸನ್ನು ಅದರಲ್ಲಿ ಓದಬಹುದು. ಪ್ರಯಾಣಕ್ಕೆ ಮೂರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು. ಟಿಬಿ ಪರೀಕ್ಷೆ ಆರು ತಿಂಗಳಿಗಿಂತ ಹೆಚ್ಚು ಇರುವವರಿಗೆ, ನಿಮಗಲ್ಲ. ಅಂಕಪಟ್ಟಿಗೆ ಅಪೊಸ್ಟಿಲ್ (ವಿದೇಶದಲ್ಲಿ ನಡೆಯುವಂತೆ ಸರ್ಕಾರ ಕೊಡುವ ದೃಢೀಕರಣ) ಮಾಡಿಸಿ ಎಂದು ಯಾರಾದರೂ ಸಾವಿರಾರು ರೂಪಾಯಿ ಕೇಳಿದರೆ, ಯಾರು ಕೇಳಿದ್ದಾರೆ ಎಂದು ತಿರುಗಿ ಕೇಳಿ. ಇಂಥ ಸಣ್ಣ ಕೋರ್ಸಿಗೆ ಅದರ ಅಗತ್ಯ ಸಾಮಾನ್ಯವಾಗಿ ಬರುವುದಿಲ್ಲ.

ವಾಪಸ್ ಬರುತ್ತೀರಿ ಎಂದು ನಂಬಿಸುವುದು ಎಲ್ಲ ವೀಸಾದ ತಿರುಳು. ಓದುತ್ತಿರುವವರಿಗೆ ಸುಲಭ: ಪ್ರಾಂಶುಪಾಲರ ನಿರಾಕ್ಷೇಪಣಾ ಪತ್ರ, ಮುಂದಿನ ಸೆಮಿಸ್ಟರಿನ ಶುಲ್ಕದ ರಸೀದಿ. ಕೊನೆಯ ಸೆಮಿಸ್ಟರ್ ಮುಗಿಸಿ ಕೆಲಸವೂ ಇಲ್ಲದವರಿಗೆ ಇಲ್ಲೇ ಕಷ್ಟ. ಕ್ಯಾಂಪಸ್ ಆಯ್ಕೆಯ ನೇಮಕಾತಿ ಪತ್ರ, ಮನೆಯ ವ್ಯಾಪಾರದಲ್ಲಿ ನಿಮ್ಮ ಹೆಸರಿರುವ ಜಿಎಸ್‌ಟಿ ನೋಂದಣಿ, ಸಂಶೋಧನೆಗೆ ಪ್ರವೇಶ, ಇಂಥದ್ದೇನಾದರೂ ಗಟ್ಟಿಯಾದದ್ದು ಕೈಯಲ್ಲಿರಲಿ.

ಬೆರಳಚ್ಚು ಕೊಡಲು ವೀಸಾ ಅರ್ಜಿ ಕೇಂದ್ರಕ್ಕೆ ಖುದ್ದಾಗಿ ಹೋಗಬೇಕು. ವಿಜಯಪುರ, ಬಾಗಲಕೋಟೆಯವರು ಸಂಜೆ ಗೋಲಗುಂಬಜ್ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಬೆಂಗಳೂರು. ಅಪಾಯಿಂಟ್‌ಮೆಂಟ್ ಒಂಬತ್ತು ಗಂಟೆಗೆ ಹಾಕಿಕೊಳ್ಳಬೇಡಿ, ಮಧ್ಯಾಹ್ನದ್ದು ಇರಲಿ. ರೈಲು ತಡವಾದರೆ ಕೇಂದ್ರದವರು ಕಾಯುವುದಿಲ್ಲ. ಬೆಳಗಾವಿಯವರು ತಮ್ಮ ದೇಶದ ಅರ್ಜಿಯನ್ನು ಪಣಜಿ ಅಥವಾ ಪುಣೆಯಲ್ಲಿ ತೆಗೆದುಕೊಳ್ಳುತ್ತಾರೆಯೇ ಎಂದು ಮೊದಲು ನೋಡಿ. ಕೆಲವು ದೇಶಗಳು ಕರ್ನಾಟಕದವರನ್ನು ಬೆಂಗಳೂರಿಗೇ ಕಳಿಸುತ್ತವೆ.

ಹೋಗುವ ಮೊದಲು ಒಂದು ಲೆಕ್ಕ

ಅಲ್ಲಿ ಪಾಠ ಹೆಚ್ಚಾಗಿ ಕೇಸ್ ಪದ್ಧತಿ, ಅಂದರೆ ಒಂದು ಕಂಪನಿಯ ಸಮಸ್ಯೆ ಓದಿಕೊಂಡು ಬಂದು ಕ್ಲಾಸಿನಲ್ಲಿ ಚರ್ಚಿಸುವುದು. ಹಿಂದಿನ ರಾತ್ರಿ ಹತ್ತಿಪ್ಪತ್ತು ಪುಟ ಓದಿಕೊಂಡು ಬಂದು, ಕೇಳದಿದ್ದರೂ ಮಾತಾಡಬೇಕು. ಮಾತಾಡುವುದಕ್ಕೂ ಅಂಕವಿದೆ. ನಮ್ಮವರು ಇಂಗ್ಲಿಷ್ ಹೆದರಿಕೆಯಿಂದ ಮೊದಲ ವಾರ ಬಾಯಿ ಬಿಡುವುದಿಲ್ಲ, ಎರಡು ವಾರದ ಕೋರ್ಸಿನಲ್ಲಿ ಒಂದು ವಾರ ಹೋದರೆ ಅರ್ಧ ಹೋಯಿತು. ಇದಕ್ಕೆ ಮದ್ದು, ಮನೆಯ ಲೆಕ್ಕವನ್ನೇ ಇಂಗ್ಲಿಷಿನಲ್ಲಿ ಹೇಳಿ ರೂಢಿ ಮಾಡಿಕೊಳ್ಳುವುದು.

ಅಪ್ಪ-ಕಾಕಾನ ಜಗಳವನ್ನೇ ತೆಗೆದುಕೊಳ್ಳಿ. ಸುಮಾರು ನಾಲ್ಕು ಕೆ.ಜಿ. ಹಸಿದ್ರಾಕ್ಷಿಗೆ ಒಂದು ಕೆ.ಜಿ. ಒಣದ್ರಾಕ್ಷಿ. ಹಸಿ ಹಣ್ಣು ಕೆ.ಜಿ.ಗೆ 30 ರೂಪಾಯಿ ಎಂದಿಟ್ಟುಕೊಂಡರೆ ಹಣ್ಣಿಗೇ 120. ಅದ್ದುವ ಎಣ್ಣೆ, ಪೊಟ್ಯಾಸಿಯಂ ಕಾರ್ಬೊನೇಟ್, ಕೂಲಿ, ವಿಂಗಡಣೆ, ಬಾಕ್ಸು ಸೇರಿ 25 ಎನ್ನಿ. ಅಲ್ಲಿಗೆ 145. ಇಂದು ಹರಾಜಿನಲ್ಲಿ 160 ಸಿಗುತ್ತದೆ. ಆರು ತಿಂಗಳು ಕೋಲ್ಡ್ ಸ್ಟೋರೇಜಿನಲ್ಲಿ ಇಟ್ಟರೆ 180 ಸಿಗಬಹುದು, ಬಾಡಿಗೆ 6 ರೂಪಾಯಿ. ಕಾಕಾ ಹೇಳುವುದು: ಕೆ.ಜಿ.ಗೆ 14 ಹೆಚ್ಚು ಲಾಭ, ಇಡೋಣ. ವರ್ಷಕ್ಕೆ ಶೇ 12ರ ಬಡ್ಡಿ ಹಿಡಿಯಿರಿ. ಹಿಡಿಯಬೇಕಾದದ್ದು ಯಾವುದರ ಮೇಲೆ, ಖರ್ಚಾದ 145ರ ಮೇಲೋ, ಇಂದು ಕೈಗೆ ಬರಬಹುದಾದ 160ರ ಮೇಲೋ? 160ರ ಮೇಲೆ. ಏಕೆಂದರೆ ಇಂದು ಮಾರಿದ್ದರೆ ಆ ದುಡ್ಡಿನಿಂದಲೇ ಸೊಸೈಟಿ ಸಾಲ ತೀರುತ್ತಿತ್ತು. ಆರು ತಿಂಗಳಿಗೆ 9 ರೂಪಾಯಿ 60 ಪೈಸೆ. 180ರಲ್ಲಿ 6, 9.60 ಕಳೆದರೆ 164.40. ಕಾಕಾನ 14 ರೂಪಾಯಿ ಲಾಭ ಈಗ 4 ರೂಪಾಯಿ 40 ಪೈಸೆಗೆ ಇಳಿಯಿತು, ಅದೂ ಬೆಲೆ 180ಕ್ಕೆ ಏರಿದರೆ. 175ರಲ್ಲೇ ನಿಂತರೆ 60 ಪೈಸೆ ಕೈಯಿಂದ ಹೋಗುತ್ತದೆ.

ಫೈನಾನ್ಸ್ ಕ್ಲಾಸಿನ ಮೊದಲ ವಾರ ಅವಕಾಶ ವೆಚ್ಚ (ಒಂದನ್ನು ಆರಿಸಿದಾಗ ಕೈತಪ್ಪುವ ಇನ್ನೊಂದರ ಲಾಭ), ಡಿಸ್ಕೌಂಟ್ ರೇಟ್ (ಮುಂದೆ ಬರುವ ದುಡ್ಡನ್ನು ಇಂದಿನ ಬೆಲೆಗೆ ಇಳಿಸುವ ದರ) ಎಂದು ಹೇಳಿಕೊಡುವುದು ಇದನ್ನೇ. ನಿಮ್ಮ ಮನೆಯ ನಿಜವಾದ ಅಂಕಿ ಹಾಕಿ ಎಕ್ಸೆಲ್‌ನಲ್ಲಿ ಮಾಡಿಟ್ಟುಕೊಳ್ಳಿ. ಅಲ್ಲಿ ಗುಂಪು ಪ್ರಾಜೆಕ್ಟ್ ಹಂಚುವಾಗ ಬೇರೆಯವರು ಅದೇ ಆ್ಯಪಲ್, ಅದೇ ಸ್ಟಾರ್‌ಬಕ್ಸ್ ಎನ್ನುತ್ತಿರುತ್ತಾರೆ. ನಿಮ್ಮ ಕೈಯಲ್ಲಿ ಯಾರೂ ನೋಡದ ವ್ಯಾಪಾರದ ಲೆಕ್ಕವಿರುತ್ತದೆ.

ಗಂಟುಮೂಟೆ

ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಖಡಕ್ ರೊಟ್ಟಿ ಒಯ್ಯಿರಿ. ಹಾಸ್ಟೆಲ್ ಅಡುಗೆಮನೆಯಲ್ಲಿ ಮೊಸರು ಕೊಂಡರೆ ಊಟವಾಯಿತು. ಬೆಳಗಾವಿ ಕುಂದಾ ಮಾತ್ರ ಬೇಡ: ಹೊರದೇಶದಿಂದ ಹಾಲಿನ ಪದಾರ್ಥ ತರುವುದಕ್ಕೆ ಯುರೋಪ್ ಒಕ್ಕೂಟದಲ್ಲೂ ಬ್ರಿಟನ್ನಿನಲ್ಲೂ ನಿಷೇಧವಿದೆ, ಕಸ್ಟಮ್ಸಿನವರು ಕಸದ ಡಬ್ಬಿಗೆ ಹಾಕುತ್ತಾರೆ. ಪ್ರೊಫೆಸರರಿಗೆ ಉಡುಗೊರೆ ಕೊಡುವ ಆಸೆಯಿದ್ದರೆ ಗುಳೇದಗುಡ್ಡ ಖಣದ ತುಂಡು ಹಗುರ, ಯಾವ ತಕರಾರೂ ಇಲ್ಲ. ಜೂನ್‌ನಲ್ಲಿ ಅಲ್ಲಿ ರಾತ್ರಿ ಒಂಬತ್ತರ ನಂತರವೂ ಬೆಳಕಿರುತ್ತದೆ, ನಿದ್ದೆಗೆ ಕಣ್ಣುಪಟ್ಟಿ ಇರಲಿ. ಒಂದು ಸ್ವೆಟರ್ ಸಹ.

ಕೋರ್ಸಿನ ಕೊನೆಯ ವಾರ ಎಲ್ಲರೂ ಊರು ನೋಡುವ ಗಡಿಬಿಡಿಯಲ್ಲಿರುತ್ತಾರೆ. ಅದರ ನಡುವೆ ಕಚೇರಿಗೆ ಹೋಗಿ ಅಧಿಕೃತ ಟ್ರಾನ್ಸ್‌ಕ್ರಿಪ್ಟ್ ಯಾವಾಗ, ಯಾವ ವಿಳಾಸಕ್ಕೆ ಬರುತ್ತದೆ ಎಂದು ಕೇಳಿ. ನೇರವಾಗಿ ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗಕ್ಕೆ ಒಂದು ಪ್ರತಿ, ನಿಮಗೊಂದು ಪ್ರತಿ ಕಳಿಸಲು ಬರೆದುಕೊಡಿ. ವಿಳಾಸದಲ್ಲಿ ಪಿನ್‌ಕೋಡ್ ಜೊತೆ ಮೊಬೈಲ್ ಸಂಖ್ಯೆಯೂ ಇರಲಿ, ಕೊರಿಯರ್‌ನವರು ಹಳ್ಳಿಯ ಹೆಸರು ಓದುವುದಕ್ಕಿಂತ ಫೋನ್ ಮಾಡುವುದೇ ಹೆಚ್ಚು.